ತೋಟದ ಲೆಕ್ಕ ಬೇರೆ, ದುಡಿಮೆಯ ಲೆಕ್ಕ ಬೇರೆ



ಈ ಸಲದ ಪಾಠದಲ್ಲಿ ಗೊಬ್ಬರದ ಪ್ರಮಾಣವಿಲ್ಲ, ಮೈಲುತುತ್ತದ ತೂಕವೂ ಇಲ್ಲ. ಮರಕ್ಕೆ ಏನೇನು ಬೇಕೆಂಬುದನ್ನು ಈ ಪುಟಗಳಲ್ಲಿ ಬೇಕಾದಷ್ಟು ಬರೆದಾಗಿದೆ. ಮರದ ಬುಡದಲ್ಲಿ ನಿಂತಿರುವ ಮನುಷ್ಯನ ವಿಚಾರವನ್ನು ಒಮ್ಮೆಯಾದರೂ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆವು. ಅದಕ್ಕೆ ಕಾರಣವೊಂದು ತಾನಾಗಿ ಒದಗಿ ಬಂದಿತು.

ನಂಜನಗೂಡು ಸೀಮೆಯ ಹೆಮ್ಮರಗಾಲಕ್ಕೆ ಬಂಧುಗಳೊಬ್ಬರ ಹರಕೆಯ ನಿಮಿತ್ತ ಹೋಗಿದ್ದೆವು. ಅಲ್ಲಿಯ ಸಂತಾನ ವೇಣುಗೋಪಾಲಸ್ವಾಮಿಯಲ್ಲಿ ಮಕ್ಕಳ ಫಲ ಬೇಡಿಕೊಳ್ಳಲು ದೂರ ದೂರದಿಂದ ಜನ ಬರುವುದು ತಮಗೆ ತಿಳಿದೇ ಇದೆ. ಪೂಜೆ ಮುಗಿಸಿ ನೆರಳಿನಲ್ಲಿ ಕುಳಿತಿದ್ದಾಗ ಒಬ್ಬ ಬೆಳೆಗಾರರ ಪರಿಚಯವಾಯಿತು. ಎರಡು ಎಕರೆ ಅಡಿಕೆ, ಅರ್ಧ ಎಕರೆ ತೆಂಗು. ವಯಸ್ಸು ಐವತ್ತನಾಲ್ಕು. ನಾವು ಸಂಘದ ಪತ್ರಿಕೆಯವರೆಂದು ತಿಳಿದ ಕೂಡಲೇ ಅವರು ಕೇಳಿದರು:

"ಸ್ವಾಮಿ, ಇಪ್ಪತ್ತೈದು ವರ್ಸದ ಹಿಂದೆ ಇದೇ ದೇವ್ರ ತಾವ ಬಂದು ಮಗ ಬೇಕು ಅಂತ ಕೇಳ್ಕೊಂಡೆ. ಕೊಟ್ಟ. ಈಗ ಆ ಮಗನ್ನ ತ್ವಾಟದಲ್ಲಿ ಇರಿಸ್ಕೊಳ್ಳದೋ, ನಂಜನಗೂಡು ಫ್ಯಾಕ್ಟರಿಗೆ ಕಳಿಸದೋ ಅಂತ ಕೇಳಕ್ಕೆ ಯಾವ ದೇವ್ರ ತಾವ ಹೋಗ್ಲಿ?"

"ಮಗನ ಮಾತು ಆಮೇಲೆ ಆಡೋಣ. ನೀವೇನು ಮಾಡಬೇಕೆಂದಿದ್ದೀರಿ? ಇನ್ನು ಹತ್ತು ವರ್ಷಕ್ಕೆ?" ಎಂದೆವು.

"ನಾನಾ? ನಂದೇನದೆ ಸ್ವಾಮಿ, ನಡ್ಕೊಂಡು ಹೋಯ್ತದೆ."

ಈ 'ನಡ್ಕೊಂಡು ಹೋಯ್ತದೆ' ಎಂಬ ಮಾತನ್ನು ನಮ್ಮ ಸದಸ್ಯರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ನಾವೂ ಆಡಿದ್ದೇವೆ. ಮಗನಿಗೆ ವೃತ್ತಿಯನ್ನು ಆರಿಸುವ ಚಿಂತೆ ಎಲ್ಲರಿಗೂ ಇದೆ. ತಾನು ಮಾಡುತ್ತಿರುವುದೂ ಒಂದು ವೃತ್ತಿ, ಅದಕ್ಕೂ ಮುಂದಾಲೋಚನೆ ಬೇಕು ಎಂಬ ಯೋಚನೆ ಮಾತ್ರ ಯಾರಿಗೂ ಬರುವುದಿಲ್ಲ. ಸರ್ಕಾರಿ ನೌಕರನಿಗೆ ತಾನು ಯಾವ ವರ್ಷ ಯಾವ ಮೆಟ್ಟಿಲಲ್ಲಿ ಇರುತ್ತೇನೆ, ಯಾವ ತಿಂಗಳು ನಿವೃತ್ತಿ ಎಂಬುದು ಗೊತ್ತಿರುತ್ತದೆ. ತೋಟಗಾರನಿಗೆ ನಿವೃತ್ತಿ ಎಂದರೆ ಮೊಣಕಾಲು ಹಿಡಿದುಕೊಂಡ ದಿನ.

ಮರದ ವಯಸ್ಸು, ನಮ್ಮ ವಯಸ್ಸು

ಮೊದಲು ಒಂದು ಸರಳ ಕೂಡುವ ಲೆಕ್ಕ ಮಾಡೋಣ. ಅಡಿಕೆ ಸಸಿ ನೆಟ್ಟ ಐದಾರು ವರ್ಷಕ್ಕೆ ಹಿಂಗಾರ ತೋರುತ್ತದೆ. ಒಂದೇ ಸಮನೆ ಫಸಲು ಕೊಡಲು ಎಂಟು ಹತ್ತು ವರ್ಷ ಬೇಕು. ಅಲ್ಲಿಂದ ಮುಂದೆ ಒಳ್ಳೆಯ ಆರೈಕೆಯಿದ್ದರೆ ಮೂವತ್ತು ನಲವತ್ತು ವರ್ಷ ಫಲ ಕೊಡುತ್ತದೆ. ರೊಬಸ್ಟಾ ಕಾಫಿ ಮೂರು ನಾಲ್ಕನೆಯ ವರ್ಷಕ್ಕೆ ಮೊದಲ ಹಣ್ಣು ತೋರಿಸಿ, ಏಳೆಂಟನೆಯ ವರ್ಷಕ್ಕೆ ತುಂಬು ಫಸಲಿಗೆ ಬರುತ್ತದೆ. ಮೆಣಸಿನ ಬಳ್ಳಿಯೂ ಹೆಚ್ಚು ಕಡಿಮೆ ಇದೇ ಲೆಕ್ಕ. ಬಾಳೆ ಮಾತ್ರ ವರ್ಷದೊಳಗೆ ಕೈಗೆ ಕಾಸು ಕೊಡುತ್ತದೆ.

ಈಗ ಈ ಅಂಕಿಗಳ ಪಕ್ಕದಲ್ಲಿ ನಿಮ್ಮ ವಯಸ್ಸನ್ನು ಬರೆಯಿರಿ. ಮೂವತ್ತರಲ್ಲಿ ಅಡಿಕೆ ನೆಟ್ಟವನು ನಲವತ್ತರಲ್ಲಿ ಅದರ ಪೂರ್ಣ ಫಸಲು ಕಾಣುತ್ತಾನೆ. ಮಕ್ಕಳ ಓದು, ಮದುವೆ ಎಲ್ಲವೂ ಆ ಫಸಲಿನಲ್ಲೇ ಆಗುತ್ತದೆ. ಐವತ್ತನಾಲ್ಕರಲ್ಲಿ ನೆಟ್ಟರೆ ಅದೇ ಫಸಲು ಕಾಣುವ ಹೊತ್ತಿಗೆ ಅರವತ್ತನಾಲ್ಕು. ಮರವೇರುವವರು ಯಾರು, ಹೆಗಲ ಮೇಲೆ ಸ್ಪ್ರೇ ಕ್ಯಾನು ಹೊರುವವರು ಯಾರು? ಆದುದರಿಂದ ಐವತ್ತು ದಾಟಿದ ಮೇಲೆ ನೆಡುವ ಪ್ರತಿಯೊಂದು ಅಡಿಕೆ ಸಸಿಯೂ ನಮಗಾಗಿ ನೆಟ್ಟದ್ದಲ್ಲ, ಬೇರೆ ಯಾರಿಗೋ ನೆಟ್ಟದ್ದು. ಆ ಬೇರೆ ಯಾರೋ ಎಂಬುವರನ್ನು ಒಂದು ಮಾತು ಕೇಳಿ ನೆಡುವುದು ಮರ್ಯಾದೆ.

ನಾವು ಕೇಳಲಿಲ್ಲ. ಹೇಳಿಕೊಳ್ಳಲು ಸಂಕೋಚವಾದರೂ ಬರೆಯುತ್ತೇವೆ. ಅಡಿಕೆಯ ಧಾರಣೆ ಏರಿದ ಒಂದು ವರ್ಷ ನಮ್ಮ ಮನೆಯ ಗದ್ದೆಗೆ ಮಣ್ಣು ಹೊಡೆಸಿ, ಸಾಲ ತೆಗೆದು, ಐನೂರು ಸಸಿ ಇಡಿಸಿದೆವು. ಮಗ ನೋಡಿಕೊಳ್ಳುತ್ತಾನೆ ಎಂಬ ಧೈರ್ಯ. ಅವನು ಆಗ ಕಾಲೇಜಿನಲ್ಲಿದ್ದ. ಅವನನ್ನು ಕೇಳಬೇಕೆಂದು ನಮಗೆ ತೋಚಲೇ ಇಲ್ಲ. ಮೊದಲ ಹಿಂಗಾರ ಬಂದ ವರ್ಷವೇ ಅವನು ಬೆಂಗಳೂರಿಗೆ ಹೊರಟ. "ಅಪ್ಪಾ, ನೀವು ನನಗೆ ಹೇಳಿದ್ದರೆ ಆಗಲೇ ಬೇಡ ಅನ್ನುತ್ತಿದ್ದೆನಲ್ಲ" ಎಂದ. ಅವನ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಮಗೆ ಅಷ್ಟು ನೋಯುತ್ತಿರಲಿಲ್ಲವೇನೋ.

ಕೂಲಿ ಎಷ್ಟು, ಲಾಭ ಎಷ್ಟು

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ. ಇದನ್ನು ಪೆನ್ಸಿಲು ಹಿಡಿದುಕೊಂಡೇ ಓದತಕ್ಕದ್ದು.

ತೋಟದಿಂದ ವರ್ಷಕ್ಕೆ ಎಷ್ಟು ಬಂತು ಎಂದು ಕೇಳಿದರೆ ಎಲ್ಲರೂ ಥಟ್ಟನೆ ಒಂದು ಮೊತ್ತ ಹೇಳುತ್ತಾರೆ. ಖರ್ಚು ಕಳೆದು ಎಷ್ಟು ಉಳಿಯಿತೆಂದರೆ ಸ್ವಲ್ಪ ಯೋಚಿಸಿ ಹೇಳುತ್ತಾರೆ. ಉಳಿದದ್ದರಲ್ಲಿ ನಿಮ್ಮ ಕೂಲಿ ಎಷ್ಟು, ತೋಟದ ಲಾಭ ಎಷ್ಟು ಎಂದು ಕೇಳಿದರೆ ಮಾತೇ ಇಲ್ಲ. ಹೆಮ್ಮರಗಾಲದ ಆ ಹಿರಿಯರೊಡನೆ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ಲೆಕ್ಕ ಮಾಡಿದೆವು. ಅಂಕಿಗಳು ಲೆಕ್ಕ ಅರ್ಥವಾಗಲೆಂದು ಇಟ್ಟುಕೊಂಡವು. ನಿಮ್ಮ ನಿಮ್ಮ ಅಂಕಿಗಳನ್ನು ನೀವೇ ಹಾಕಿಕೊಳ್ಳಬೇಕು.

ತೋಟದ ಒಟ್ಟು ಹುಟ್ಟುವಳಿ 4,00,000 ರೂಪಾಯಿ ಎನ್ನೋಣ. ಗೊಬ್ಬರ, ಮದ್ದು, ಆಳು, ಕೊಯ್ಲು, ಸುಲಿತ, ಸಾಲದ ಬಡ್ಡಿ ಸೇರಿ 1,60,000. ಉಳಿದದ್ದು 2,40,000. ಇದನ್ನೇ ಲಾಭವೆಂದು ನಾವು ಹೇಳಿಕೊಂಡು ತಿರುಗುವುದು. ಆದರೆ ಗಂಡ ಹೆಂಡತಿ ಇಬ್ಬರೂ ಸೇರಿ ವರ್ಷದಲ್ಲಿ 300 ಆಳು ದಿನ ತೋಟದಲ್ಲಿ ದುಡಿದಿದ್ದಾರೆ. ದಿನಕ್ಕೆ 500 ರೂಪಾಯಿನಂತೆ ಅದೇ ಕೆಲಸವನ್ನು ಬೇರೆಯವರ ತೋಟದಲ್ಲಿ ಮಾಡಿದ್ದರೆ 1,50,000 ಬರುತ್ತಿತ್ತು. ಅಲ್ಲಿಗೆ 2,40,000ದಲ್ಲಿ 1,50,000 ಕೂಲಿ. ತೋಟ ನಿಮಗೆ ಕೊಟ್ಟದ್ದು 90,000 ಮಾತ್ರ.

ಇನ್ನು ಧಾರಣೆ ಕಾಲು ಭಾಗ ಇಳಿಯಿತೆನ್ನಿ. ಹುಟ್ಟುವಳಿ 3,00,000ಕ್ಕೆ ಬಂತು. ಖರ್ಚು ಇಳಿಯುವುದಿಲ್ಲ. ಉಳಿಯುವುದು 1,40,000. ಕೂಲಿ ಕಳೆದರೆ 10,000 ಕೈಯಿಂದ ಹೋಯಿತು. ಆ ವರ್ಷ ನೀವು ತೋಟದ ಯಜಮಾನರೂ ಅಲ್ಲ, ಪೂರ್ತಿ ಕೂಲಿ ಸಿಕ್ಕಿದ ಆಳೂ ಅಲ್ಲ.

"ಹೆಂಗಸರ ಕೂಲಿನೂ ಐನೂರೇ ಹಾಕದಾ?" ಎಂದು ಆ ಹಿರಿಯರು ಆಕ್ಷೇಪಿಸಿದರು. ಗೊಬ್ಬರ ಹೊತ್ತವರು ಯಾರು, ಅಡಿಕೆ ಸುಲಿದವರು ಯಾರು, ಅಂಗಳದಲ್ಲಿ ಹರಡಿ ಮಳೆ ಬಂದಾಗ ಓಡಿ ಎತ್ತಿದವರು ಯಾರು ಎಂದು ಕೇಳಿದೆವು. ಮಗ್ಗುಲಲ್ಲಿ ಕುಳಿತಿದ್ದ ಅವರ ಮನೆಯವರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಐನೂರೇ ಉಳಿಯಿತು.

ಈ ಲೆಕ್ಕದಿಂದ ತೋಟ ಬಿಟ್ಟು ಹೋಗಿರೆಂದು ನಾವು ಹೇಳುತ್ತಿಲ್ಲ. ಕೂಲಿ ಮತ್ತು ಲಾಭ ಎರಡನ್ನೂ ಬೇರೆ ಮಾಡಿದ ಮೇಲೆ ಮಾತ್ರ ತೀರ್ಮಾನಕ್ಕೆ ಕಣ್ಣು ಬರುತ್ತದೆ. ಎರಡು ಎಕರೆಯಲ್ಲಿ, ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ, ಸಾವಿರದ ನೂರರ ಆಸುಪಾಸು ಅಡಿಕೆ ಮರ ನಿಲ್ಲುತ್ತವೆ. ಈ ತೋಟ ಒಬ್ಬ ಮನುಷ್ಯನಿಗೆ ವರ್ಷವಿಡೀ ಕೆಲಸ ಕೊಡುವುದಿಲ್ಲ, ಆದರೆ ವರ್ಷವಿಡೀ ಅವನನ್ನು ಕಟ್ಟಿಹಾಕುತ್ತದೆ. ಅಪ್ಪ ಮಗ ಇಬ್ಬರೂ ಅಲ್ಲೇ ನಿಂತರೆ ಒಬ್ಬರ ದುಡಿಮೆಯನ್ನು ಇಬ್ಬರು ಹಂಚಿಕೊಂಡಂತೆ. ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇತ್ತು.

ಅಡ್ಯನಡ್ಕದ ಒಬ್ಬ ಕೂಲಿಕಾರರು

ತನ್ನ ದುಡಿಮೆಯನ್ನು ತಾನೇ ಆಳಿಕೊಂಡವರ ಉದಾಹರಣೆ ಬೇಕೆಂದರೆ ದೊಡ್ಡ ಎಸ್ಟೇಟುಗಳಿಗೆ ಹೋಗಬೇಕಾಗಿಲ್ಲ. ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದಲ್ಲಿ, ಅಡ್ಯನಡ್ಕದ ಬಳಿ, ಅಮೈ ಮಹಾಲಿಂಗ ನಾಯ್ಕರಿದ್ದಾರೆ. ಶಾಲೆಯ ಮುಖ ಕಂಡವರಲ್ಲ. ಅಡಿಕೆ ತೆಂಗಿನ ಮರವೇರಿ ಪರರ ತೋಟದಲ್ಲಿ ಕೂಲಿ ಮಾಡುತ್ತಿದ್ದವರು. ಅವರ ಕೆಲಸ ಮೆಚ್ಚಿದ ತೋಟದ ಧಣಿಗಳು 1978ರಲ್ಲಿ ಎರಡು ಎಕರೆ ಜಾಗ ಕೊಟ್ಟರು. ಜಾಗವೆಂದರೆ ಗುಡ್ಡದ ಇಳಿಜಾರು, ಹುಲ್ಲು, ಮುರಕಲ್ಲು. ನೀರಿನ ಹನಿಯಿಲ್ಲ.

ಬಾವಿ ತೋಡಲು ಹಣವಿಲ್ಲ, ನೀರೆತ್ತಲು ಕರೆಂಟಿಲ್ಲ. ಆ ಸೀಮೆಯಲ್ಲಿ, ಗಡಿಯಾಚೆ ಕಾಸರಗೋಡಿನಲ್ಲಿಯೂ, ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವ ಹಳೆಯ ಪದ್ಧತಿಯಿದೆ. ಸುರಂಗದ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ, ಪಂಪು ಬೇಡ. ನಾಯ್ಕರು ಹಗಲು ಕೂಲಿಗೆ ಹೋಗಿ, ಸಂಜೆ ಮನೆಗೆ ಬಂದು, ದೀಪ ಹಚ್ಚಿಕೊಂಡು ಒಬ್ಬರೇ ಗುಡ್ಡ ಅಗೆದರು. ಒಂದು ಸುರಂಗ ಒಣಗಿಯೇ ಉಳಿಯಿತು. ಇನ್ನೊಂದು, ಮತ್ತೊಂದು, ಹೀಗೆ ಹಲವು ವರ್ಷಗಳ ಶ್ರಮ ಮಣ್ಣು ಪಾಲಾಯಿತು. ನೋಡಿದವರು ನಕ್ಕರು. ಕೊನೆಗೊಂದು ಸುರಂಗದಲ್ಲಿ ನೀರು ಒಸರಿತು. ಆಮೇಲೆ ಕಲ್ಲು ಹೊತ್ತು ತಂದು ಇಳಿಜಾರಿಗೆ ಕಟ್ಟೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ನೆಲ ಮಾಡಿ, ಅಡಿಕೆ, ತೆಂಗು, ಬಾಳೆ, ಮೆಣಸು ಬೆಳೆದರು. 2022ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಛಲವನ್ನು ಹೊಗಳಿ ಮುಗಿಸುತ್ತಾರೆ. ನಮಗೆ ಅದರಲ್ಲಿ ಕಾಣುವುದು ಕ್ರಮ. ನೀರು ಬರುವ ತನಕ ಅವರು ಕೂಲಿ ಬಿಡಲಿಲ್ಲ. ಮನೆಯ ಅನ್ನ ಹಗಲಿನ ಕೂಲಿಯಲ್ಲಿ, ಮುಂದಿನ ಆಸೆ ಸಂಜೆಯ ಅಗೆತದಲ್ಲಿ. ಎರಡನ್ನೂ ಒಂದಕ್ಕೊಂದು ಬೆರೆಸಲಿಲ್ಲ. ಮೊದಲು ನೀರು, ಆಮೇಲೆ ನೆಲ, ಕಡೆಗೆ ಸಸಿ. ನಾವು ಎಷ್ಟು ಜನ ಇದನ್ನು ತಿರುಗುಮುರುಗು ಮಾಡಿದ್ದೇವೆ! ಸಸಿ ಮೊದಲು ನೆಟ್ಟು, ಆಮೇಲೆ ಕೊಳವೆ ಬಾವಿ ಕೊರೆಸಿ, ನೀರು ಬೀಳದೆ ಎರಡನೆಯದು, ಮೂರನೆಯದು ಕೊರೆಸಿದವರು ನಮ್ಮ ಸಂಘದಲ್ಲಿಯೇ ಇದ್ದಾರೆ. ಇನ್ನೊಂದು ಮಾತು. ಅವರು ಸೋತ ಸುರಂಗಗಳಲ್ಲಿ ಕಳೆದುಕೊಂಡದ್ದು ಸ್ವಂತ ಶ್ರಮವನ್ನು, ಸಾಲದ ಹಣವನ್ನಲ್ಲ. ಅದರಿಂದಲೇ ಮತ್ತೆ ಅಗೆಯಲು ಸಾಧ್ಯವಾಯಿತು.

ಹಾಗೆಂದು ಹೆಮ್ಮರಗಾಲದ ಬಯಲಿನಲ್ಲಿ ಯಾರೂ ಸುರಂಗ ತೋಡಲು ಹೊರಡಬಾರದು. ಅದಕ್ಕೆ ಮುರಕಲ್ಲಿನ ಗುಡ್ಡ ಬೇಕು, ಆ ಸೀಮೆಯ ಮಳೆ ಬೇಕು. ಇಲ್ಲಿ ಕಬಿನಿಯ ನಾಲೆ ಇದೆ, ಕೊಳವೆ ಬಾವಿ ಇದೆ, ಅದರ ಮಿತಿಯೂ ಇದೆ.

ಒಂದೇ ಕಂಬಕ್ಕೆ ಕಟ್ಟಿದ ಚಪ್ಪರ

ನಂಜನಗೂಡಿನವರಿಗೆ ರಸಬಾಳೆಯ ಕಥೆ ಹೊಸದಾಗಿ ಹೇಳಬೇಕಾಗಿಲ್ಲ. ಆ ಪರಿಮಳದ ಹಣ್ಣಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯುವ ಹೊತ್ತಿಗೆ ಹಣ್ಣೇ ಅಪರೂಪವಾಗಿತ್ತು. ಪನಾಮ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ಸೇರಿಕೊಂಡರೆ ಹತ್ತಾರು ವರ್ಷ ಬಿಟ್ಟುಹೋಗುವುದಿಲ್ಲ. ಅದೇ ನೆಲದಲ್ಲಿ ಅದೇ ಬಾಳೆ ಮತ್ತೆ ಏಳುವುದಿಲ್ಲ. ರಸಬಾಳೆಯ ಜೊತೆಗೆ ಇನ್ನೊಂದು ಬೆಳೆಯನ್ನೋ ಇನ್ನೊಂದು ಕಸುಬನ್ನೋ ತಿಳಿದಿದ್ದವರು ಹೇಗೋ ದಾಟಿದರು. ಅದೊಂದನ್ನೇ ತಿಳಿದಿದ್ದವರ ಪಾಡು ಕಷ್ಟವಾಯಿತು. ಮಲೆನಾಡಿನ ಕೆಲವು ಕಡೆ ಅಡಿಕೆಯ ಹಳದಿ ಎಲೆ ರೋಗ, ಈಚಿನ ವರ್ಷಗಳಲ್ಲಿ ಎಲೆ ಚುಕ್ಕಿ ರೋಗ, ಇದೇ ಪಾಠವನ್ನು ಹೇಳುತ್ತಿವೆ.

ಮಾರುಕಟ್ಟೆಯ ಮಾತೂ ಹಾಗೆಯೇ. 1970ರ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದಾಗ ಬೆಳೆಗಾರ ಒಬ್ಬೊಬ್ಬನೇ ವ್ಯಾಪಾರಿಯ ಮುಂದೆ ನಿಂತಿದ್ದ. ವಾರಣಾಶಿ ಸುಬ್ರಾಯ ಭಟ್ಟರು ಊರೂರು ತಿರುಗಿ ಬೆಳೆಗಾರರನ್ನು ಸೇರಿಸಿದರ ಫಲವಾಗಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರ ಸಂಸ್ಥೆ. ಮುಂದೆ ಕೋಕೋ ಕೊಳ್ಳುವವರಿಲ್ಲದೆ ಕಷ್ಟವಾದಾಗ ಅದೂ ಅವರ ಕೆಲಸವಾಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯೇ ಎದ್ದಿತು.

ಕಾಫಿಯವರ ದಾರಿ ಬೇರೆ. ಅವರ ಬೆಳೆ ಬಹುಕಾಲ ಕಾಫಿ ಮಂಡಲಿಯ ಪೂಲಿಗೆ ಹೋಗಬೇಕಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. ತನ್ನ ಕಾಫಿಗೆ ಕೊನೆಗೆ ಎಷ್ಟು ಸಿಕ್ಕಿತೆಂದು ತಿಳಿಯುವ ಹೊತ್ತಿಗೆ ಮುಂದಿನ ಹೂವಾಗಿರುತ್ತಿತ್ತು. 1994ರಲ್ಲಿ ಸಣ್ಣ ಬೆಳೆಗಾರರಿಗೆ, 1996ರಲ್ಲಿ ಎಲ್ಲರಿಗೂ ತಮ್ಮ ಕಾಫಿಯನ್ನು ತಾವೇ ಮಾರುವ ಸ್ವಾತಂತ್ರ್ಯ ದೊರೆಯಿತು. ಸಂತೋಷಪಟ್ಟವರೇ ಹೆಚ್ಚು. ಆದರೆ 2000ದ ಸುಮಾರಿಗೆ ಜಗತ್ತಿನ ಧಾರಣೆ ನೆಲ ಕಚ್ಚಿದಾಗ, ಯಾವಾಗ ಮಾರಬೇಕು, ಎಷ್ಟು ಹಿಡಿದಿಡಬೇಕು, ಎಷ್ಟು ಸಾಲ ತಡೆದುಕೊಳ್ಳಬಹುದು ಎಂಬುದನ್ನು ಯಾರೂ ಕಲಿಸಿರಲಿಲ್ಲ. 2024ರಲ್ಲಿ ರೊಬಸ್ಟಾ ಹಿಂದೆಂದೂ ಕಾಣದಷ್ಟು ಏರಿದಾಗ ಕೆಲವರು ಹಳೆಯ ಸಾಲ ತೀರಿಸಿದರು, ಕೆಲವರು ಹೊಸ ಕಾರು ಕೊಂಡರು. ಕಾರು ಕೊಂಡವರನ್ನು ನಾವು ಹಳಿಯುವುದಿಲ್ಲ. ಅಷ್ಟು ವರ್ಷ ಬಸ್ಸಿಗೆ ಕಾದವರಿಗೆ ಆಸೆಯಾಗುವುದು ಸಹಜ.

ಮಕ್ಕಳ ವಿಚಾರ

ಹಿರಿಯರ ಪ್ರಶ್ನೆಯ ಉಳಿದರ್ಧಕ್ಕೆ ಬರೋಣ. ತೋಟವೋ ಕಾರ್ಖಾನೆಯೋ ಎಂದು ಎರಡೇ ಬಾಗಿಲು ತೋರಿಸುವುದು ಸರಿಯಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ 1989ರಿಂದ ನೆಸ್ಲೆಯ ಕಾಫಿ ಪುಡಿ ಕಾರ್ಖಾನೆಯಿದೆ, ಇನ್ನೂ ಹಲವು ಕಾರ್ಖಾನೆಗಳಿವೆ. ಪಾಳಿಯ ಕೆಲಸ ಮಾಡಿ ಊರಿನಲ್ಲಿಯೇ ಇರುವ ಹುಡುಗರು ಬಹಳ ಮಂದಿ. ಅಲ್ಲಿ ಕೇಳಬೇಕಾದ ಮಾತು ತಿಂಗಳಿಗೆ ಎಷ್ಟು ಎಂಬುದಷ್ಟೇ ಅಲ್ಲ. ಕೆಲಸ ಕಾಯಮ್ಮೋ ಗುತ್ತಿಗೆಯೋ, ಭವಿಷ್ಯ ನಿಧಿ ಕಟ್ಟುತ್ತಾರೋ ಇಲ್ಲವೋ, ಐದು ವರ್ಷದ ನಂತರ ಅವನ ಕೈಯಲ್ಲಿ ಬೇರೆ ಕಡೆ ನಡೆಯುವ ವಿದ್ಯೆ ಇರುತ್ತದೋ ಇಲ್ಲವೋ. ಬರೀ ಡಬ್ಬ ಜೋಡಿಸುವ ಕೆಲಸವಾದರೆ ಐದು ವರ್ಷದ ನಂತರವೂ ಅವನು ಡಬ್ಬ ಜೋಡಿಸುವವನೇ.

ತೋಟದ ಸುತ್ತ ಇರುವ ಕಸುಬುಗಳನ್ನು ನಾವು ಕಸುಬೆಂದೇ ಎಣಿಸುವುದಿಲ್ಲ. ಅಡಿಕೆ ಕೊನೆ ಇಳಿಸುವವರು, ಮದ್ದು ಹೊಡೆಯುವವರು ಸಿಗದೆ ನಾವೆಲ್ಲ ಒದ್ದಾಡುತ್ತಿದ್ದೇವೆ. ನೆಲದ ಮೇಲೆ ನಿಂತೇ ಕೆಲಸ ಮಾಡುವ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಅದನ್ನು ಕಲಿತ ಹುಡುಗರಿಗೆ ಹಂಗಾಮಿನಲ್ಲಿ ಬಿಡುವಿಲ್ಲ. ಕಸಿ ಕಟ್ಟುವುದು, ನರ್ಸರಿ ಇಡುವುದು, ಹನಿ ನೀರಾವರಿ ರಿಪೇರಿ, ಕಾಫಿ ಗಿಡ ಚಿಗುರು ತೆಗೆದು ಸವರುವುದು, ಇವೆಲ್ಲ ಕೈವಿದ್ಯೆಗಳು. ಸುತ್ತೂರಿನ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲಿಯೇ ಇದೆ. ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಅಡಿಕೆ, ಬಾಳೆಹೊನ್ನೂರು ಮತ್ತು ಚೆಟ್ಟಳ್ಳಿಯಲ್ಲಿ ಕಾಫಿ. ಹಣ್ಣು, ಸಂಬಾರ ಪದಾರ್ಥ ಸಂಸ್ಕರಿಸಿ ಮಾರುವ ಆಸೆಯಿದ್ದರೆ ಮೈಸೂರಿನ ಸಿ.ಎಫ್.ಟಿ.ಆರ್.ಐ. 1950ರಿಂದ ಅಲ್ಲಿದೆ. ಬೆಂಗಳೂರಿನಲ್ಲಿ ಕಾಫಿ ಮಂಡಲಿಯವರು 'ಕಾಪಿ ಶಾಸ್ತ್ರ' ಎಂಬ ಕಿರು ತರಬೇತಿ ಕೊಡುತ್ತಾರೆ. ಬೀಜ ಹುರಿಯುವುದರಿಂದ ಹಿಡಿದು ಲೋಟಕ್ಕೆ ಬರುವ ತನಕ ಕಲಿಸುತ್ತಾರೆ. ಕಾಫಿ ಬೆಳೆಯುವ ಮನೆಗಳಲ್ಲಿ ತಮ್ಮ ಕಾಫಿಯ ರುಚಿಯನ್ನು ತಾವೇ ಅಳೆಯಬಲ್ಲವರು ಎಷ್ಟು ಮಂದಿ ಇದ್ದಾರೆ, ನೀವೇ ಹೇಳಿ.

ಹೆಣ್ಣುಮಕ್ಕಳ ಮಾತು ಬಂದರೆ ನಮ್ಮ ಸಭೆಗಳಲ್ಲಿ ಮೌನ. 2005ರ ತಿದ್ದುಪಡಿಯ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಎರಡು ಎಕರೆಗೆ ಮಗ ಒಬ್ಬ, ಮಗಳು ಒಬ್ಬಳು ಇದ್ದಾಗ "ತೋಟ ನಿನಗೇ ಕಣೋ" ಎಂದು ಮಗನನ್ನು ಊರಿನಲ್ಲಿ ನಿಲ್ಲಿಸಿಕೊಳ್ಳುವುದು, ನಮ್ಮದಲ್ಲದ ಮಾತನ್ನು ಕೊಟ್ಟಂತೆ. ಮಗಳನ್ನೂ ಕೂರಿಸಿಕೊಂಡು ಮಾತಾಡಬೇಕು. ಯಾರಿಗೆ ಗೊತ್ತು, ತೋಟ ನಡೆಸುವ ಮನಸ್ಸು ಅವಳಿಗೇ ಇರಬಹುದು. ದುಡಿಯುವ ಹೆಂಡತಿಯ ಹೆಸರು ಪಹಣಿಯಲ್ಲಿ ಇಲ್ಲದಿದ್ದರೆ ಬೆಳೆ ಸಾಲಕ್ಕೂ ಇಲಾಖೆಯ ಸವಲತ್ತಿಗೂ ಅವಳು ಲೆಕ್ಕಕ್ಕಿಲ್ಲ. ಜಂಟಿ ಖಾತೆಯ ವಿಚಾರವನ್ನು ಗ್ರಾಮ ಆಡಳಿತ ಅಧಿಕಾರಿಗಳಲ್ಲಿ ವಿಚಾರಿಸಿ.

ಮನೆಪಾಠ

ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ಮನೆಯ ಪ್ರತಿಯೊಬ್ಬರ ಹೆಸರು, ಈಗಿನ ವಯಸ್ಸು, ಹತ್ತು ವರ್ಷದ ನಂತರದ ವಯಸ್ಸು ಬರೆಯಿರಿ. ಎದುರಿಗೆ ತೋಟದ ಒಂದೊಂದು ತಾಕಿನ ವಯಸ್ಸು. ಎರಡನೆಯ ಪುಟದಲ್ಲಿ ಮೇಲೆ ಹೇಳಿದ ಕೂಲಿ-ಲಾಭದ ಲೆಕ್ಕ, ಹೋದ ವರ್ಷದ್ದು, ನಿಜವಾದ ಅಂಕಿಗಳಲ್ಲಿ. ಅದನ್ನೇ ಧಾರಣೆ ಕಾಲು ಭಾಗ ಇಳಿದರೆ ಏನಾಗುತ್ತದೆಂದು ಮತ್ತೊಮ್ಮೆ ಮಾಡಿ. ಮೂರನೆಯ ಪುಟವನ್ನು ನೀವು ಬರೆಯಬೇಡಿ. ಅದನ್ನು ಮಕ್ಕಳ ಕೈಗೆ ಕೊಡಿ. ಏನು ಬರೆದರೂ ಒಂದು ವಾರ ಮಾತನಾಡಬೇಡಿ. ಈ ಕೊನೆಯ ಷರತ್ತು ಬಹಳ ಕಷ್ಟದ್ದೆಂದು ನಮಗೆ ಗೊತ್ತಿದೆ.

ಹೆಮ್ಮರಗಾಲದ ಹಿರಿಯರು ಕಳೆದ ತಿಂಗಳು ಫೋನು ಮಾಡಿದ್ದರು. ಮಗ ಮೂರನೆಯ ಪುಟ ಬರೆದನಂತೆ. ಮೂರು ವರ್ಷ ಪಾಳಿ ಕೆಲಸ, ಬಂದ ಸಂಬಳದಲ್ಲಿ ಮೊದಲು ಕೊಳವೆ ಬಾವಿಯ ಸಾಲ ತೀರಿಸುವುದು, ರಜದ ದಿನ ದೋಟಿ ಕಲಿಯುವುದು, ಆಮೇಲೆ ನೋಡೋಣ ಎಂದು. ಇವರು ಹೊಸ ಸಸಿ ಇಡುವುದನ್ನು ಅಲ್ಲಿಯ ತನಕ ನಿಲ್ಲಿಸಿ, ಸತ್ತ ಮರಗಳ ಜಾಗ ಮಾತ್ರ ತುಂಬುತ್ತಾರಂತೆ. "ವಾರ ಸುಮ್ನಿದ್ರಾ?" ಎಂದು ಕೇಳಿದೆವು.

"ಎಲ್ಲಿ ಸ್ವಾಮಿ, ಮೂರು ದಿನ" ಎಂದರು.

ಮುಂದಿನ ಅಧ್ಯಯನ ಕೂಟಕ್ಕೆ ಬರುವವರು ಎರಡನೆಯ ಪುಟ ಬರೆದುಕೊಂಡು ಬನ್ನಿ. ಮನೆಯವರನ್ನೂ ಕರೆತನ್ನಿ.